ಹೊಗೆನಾ, ಧೂಳಾ, ಮಂಜಾ? ಸ್ಯಾಟಲೈಟ್ ಫೋಟೋದಲ್ಲಿ ಗುರುತು ಹಿಡಿಯೋದು ಹೆಂಗೆ

2020ರ ಸೆಪ್ಟೆಂಬರ್ 9, ರಾತ್ರಿ ಹತ್ತೂವರೆ ಸುಮಾರಿಗೆ ಅಕ್ಕ ವಿಡಿಯೋ ಕಾಲ್ ಮಾಡಿದ್ಲು. ಅವಳಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಅಲ್ಲಿಗೆ ಅದು ಬೆಳಗ್ಗೆ ಹತ್ತು ಗಂಟೆ. ಏನೂ ಮಾತಾಡ್ದೆ ಫೋನನ್ನ ಕಿಟಕಿ ಕಡೆ ತಿರುಗಿಸಿದ್ಲು. ಆಕಾಶ ಪೂರ್ತಿ ಕಿತ್ತಳೆ ಬಣ್ಣ, ಬೀದಿ ದೀಪ ಇನ್ನೂ ಉರೀತಾ ಇದೆ, ಭಾವ ಅಡುಗೆಮನೇಲಿ ಲೈಟ್ ಹಾಕ್ಕೊಂಡು ದೋಸೆ ಹುಯ್ತಾ ಇದ್ದಾರೆ. "ಲೋ, ನೀನು ಸ್ಯಾಟಲೈಟ್ ಗೀಟಲೈಟ್ ಅಂತ ಏನೋ ನೋಡ್ತಾ ಇರ್ತೀಯಲ್ಲ, ಇಲ್ಲೇ ಪಕ್ಕದಲ್ಲಿ ಬೆಂಕಿ ಬಿದ್ದಿದ್ಯಾ ನೋಡೋ, ನಾವು ಗಂಟುಮೂಟೆ ಕಟ್ಬೇಕಾ? ವಿಚಿತ್ರ ಅಂದ್ರೆ ಹೊಗೆ ವಾಸನೆ ಅಷ್ಟೇನೂ ಇಲ್ಲ ಕಣೋ" ಅಂದ್ಲು.

ಆವತ್ತು ನಾನು ಮಾಡಿದ್ದು ಕಾಲು ಗಂಟೆ ಕೆಲ್ಸ. ಲ್ಯಾಪ್‌ಟಾಪ್ ತೆಗ್ದು ಮೂರು ಟ್ಯಾಬ್ ಓಪನ್ ಮಾಡಿದೆ ಅಷ್ಟೇ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದಕ್ಕೆ ದುಡ್ಡು ಬೇಡ, ಯಾವ ಸಾಫ್ಟ್‌ವೇರೂ ಹಾಕ್ಕೋಬೇಕಿಲ್ಲ, ಬ್ರೌಸರ್ ಇದ್ರೆ ಸಾಕು, ಮೊಬೈಲಲ್ಲೂ ಆಗತ್ತೆ ಆದ್ರೆ ದೊಡ್ಡ ಸ್ಕ್ರೀನ್ ಇದ್ರೆ ಕಣ್ಣಿಗೆ ಸುಖ. ಕಷ್ಟ ಇರೋದು ಫೋಟೋ ಹುಡುಕೋದ್ರಲ್ಲಲ್ಲ, ಫೋಟೋ ಸಿಕ್ಕಿದ್ಮೇಲೆ ಅದ್ರಲ್ಲಿ ಕಾಣೋದು ಏನು, ಎಷ್ಟೊತ್ತಿಂದು, ನೆಲದಿಂದ ಎಷ್ಟು ಎತ್ತರದ್ದು ಅಂತ ಅರ್ಥ ಮಾಡ್ಕೊಳ್ಳೋದ್ರಲ್ಲಿ.

ಮೊದ್ಲು ಗಡಿಯಾರ ನೋಡಿ

ಈ ಕೆಲ್ಸಕ್ಕೆ ಬರೋ ಸ್ಯಾಟಲೈಟ್‌ಗಳಲ್ಲಿ ಎರಡು ಜಾತಿ. ಒಂದು ಧ್ರುವದಿಂದ ಧ್ರುವಕ್ಕೆ ಸುತ್ತೋವು, ನೆಲದಿಂದ ಏಳ್ನೂರು ಎಂಟ್ನೂರು ಕಿಲೋಮೀಟರ್ ಎತ್ತರದಲ್ಲಿ. ನಾಸಾದ ಟೆರ್ರಾ, ಆಕ್ವಾ, ಆಮೇಲೆ ಸುಓಮಿ ಎನ್‌ಪಿಪಿ, ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾದೋರ ನೋವಾ-20, ನೋವಾ-21. ಇವು ಪೋಸ್ಟ್‌ಮ್ಯಾನ್ ಇದ್ದಂಗೆ, ಹಗಲಲ್ಲಿ ಒಂದ್ಸಲ ನಿಮ್ಮ ಊರ ಮೇಲೆ ಹೋಗ್ತವೆ, ಆಗ ಸಿಕ್ಕಿದ್ದೇ ಫೋಟೋ. ಮೂಲ ಲೆಕ್ಕದಲ್ಲಿ ಟೆರ್ರಾ ಬೆಳಗ್ಗೆ ಹತ್ತೂವರೆ ಆಸುಪಾಸು, ಉಳಿದವು ಮಧ್ಯಾಹ್ನ ಒಂದೂವರೆ ಆಸುಪಾಸು, ಅಲ್ಲಲ್ಲಿನ ಸ್ಥಳೀಯ ಟೈಮ್ ಪ್ರಕಾರ. ಟೆರ್ರಾ, ಆಕ್ವಾ ಎರಡಕ್ಕೂ ವಯಸ್ಸಾಗಿದೆ, 1999ರದ್ದು ಒಂದು 2002ರದ್ದು ಇನ್ನೊಂದು, ಹಂಗಾಗಿ ಅವು ಬರೋ ಹೊತ್ತು ಜರುಗ್ತಾ ಬಂದಿದೆ, ಟೆರ್ರಾ ಮೊದಲಿಗಿಂತ ಬೇಗ, ಆಕ್ವಾ ಮೊದಲಿಗಿಂತ ತಡ.

ಎರಡನೇ ಜಾತಿ ಭೂಸ್ಥಿರ ಉಪಗ್ರಹ. 36,000 ಕಿಲೋಮೀಟರ್ ಮೇಲೆ ಒಂದೇ ಕಡೆ ನಿಂತಂಗೆ ಕಾಣ್ತವೆ. ಎದುರುಮನೆ ಜಗಲಿ ಮೇಲೆ ಕೂತಿರೋ ಅಜ್ಜಿ ಥರ, ಕಣ್ಣು ಸ್ವಲ್ಪ ಮಂಜು, ಆದ್ರೆ ಬೀದೀಲಿ ಯಾರು ಎಷ್ಟೊತ್ತಿಗೆ ಬಂದ್ರು ಯಾವ ಕಡೆ ಹೋದ್ರು ಎಲ್ಲಾ ಗೊತ್ತು. ಅಮೆರಿಕಕ್ಕೆ ಗೋಸ್, ಜಪಾನ್ ಕಡೆಗೆ ಹಿಮಾವರಿ, ನಮಗೆ ಇನ್ಸಾಟ್ 3ಡಿಆರ್ ಮತ್ತೆ 2024ರ ಫೆಬ್ರವರಿಯಲ್ಲಿ ಹಾರಿಸಿದ 3ಡಿಎಸ್, ಇನ್ನು ಅರಬ್ಬಿ ಸಮುದ್ರ ಮತ್ತು ಗಲ್ಫ್ ಕಡೆಗೆ ಯೂರೋಪಿನೋರ ಮೀಟಿಯೋಸ್ಯಾಟ್-9, ಅದು 45.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಕೂತಿದೆ. ಗೋಸ್ ಮತ್ತು ಹಿಮಾವರಿ ಹತ್ತು ನಿಮಿಷಕ್ಕೊಂದು ಪೂರ್ತಿ ಭೂಗೋಳದ ಫೋಟೋ ಕೊಡ್ತವೆ, ಮೀಟಿಯೋಸ್ಯಾಟ್ ಹದಿನೈದು ನಿಮಿಷಕ್ಕೆ, ಇನ್ಸಾಟ್ ಒಂದೊಂದೂ ಅರ್ಧ ಗಂಟೆಗೆ.

ಎಲ್ಲಾ ಫೋಟೋ ಮೇಲೂ ಟೈಮ್ ಇರತ್ತೆ, ಬಹಳಷ್ಟರಲ್ಲಿ ಅದು ಯುಟಿಸಿ, ಅಂದ್ರೆ ಗ್ರೀನ್‌ವಿಚ್ ಟೈಮ್. 0600 ಝಡ್ ಅಂತ ಬರ್ದಿದ್ರೆ ಅದಕ್ಕೆ ಐದೂವರೆ ಗಂಟೆ ಸೇರಿಸಿ, ನಮ್ಮ ಬೆಳಗ್ಗೆ ಹನ್ನೊಂದೂವರೆ. ಬೇಸಿಗೇಲಿ ಕ್ಯಾಲಿಫೋರ್ನಿಯಾಗೆ ಏಳು ಗಂಟೆ ಕಳೀಬೇಕು. ಇದೇನು ದೊಡ್ಡ ವಿಷ್ಯ ಅನ್ಸತ್ತೆ, ಆದ್ರೆ ನಾನು ಕಂಡಿರೋ ತಪ್ಪು ಫಾರ್ವರ್ಡ್‌ಗಳಲ್ಲಿ ಅರ್ಧಕ್ಕರ್ಧ ಇದೇ ತಪ್ಪು, ಹಿಂದಿನ ದಿನದ ಫೋಟೋ ಹಾಕಿ "ಈಗ ಹಿಂಗಿದೆ" ಅನ್ನೋದು.

ವರ್ಲ್ಡ್‌ವ್ಯೂ ಓಪನ್ ಮಾಡಿ

ನಾಸಾ ವರ್ಲ್ಡ್‌ವ್ಯೂ ಅಂತ ಸರ್ಚ್ ಕೊಟ್ರೆ ಮೊದಲನೇದೇ ಬರತ್ತೆ. ಲಾಗಿನ್ ಬೇಡ. ಎಡಗಡೆ ಲೇಯರ್‌ಗಳ ಪಟ್ಟಿ, ಕೆಳಗಡೆ ತಾರೀಕು. ಕರೆಕ್ಟೆಡ್ ರಿಫ್ಲೆಕ್ಟೆನ್ಸ್, ಟ್ರೂ ಕಲರ್ ಅನ್ನೋ ಲೇಯರ್ ಕಣ್ಣಿಗೆ ಕಾಣೋ ಬಣ್ಣದ್ದು, ಮೊದಲು ಅದನ್ನೇ ನೋಡಿ. ಮೋಡಿಸ್ ಅಂತ ಇರೋದು ಟೆರ್ರಾ ಆಕ್ವಾದಲ್ಲಿರೋ ಕ್ಯಾಮೆರಾದ್ದು, ಅದ್ರ ಒಂದು ಪಟ್ಟಿ 2,330 ಕಿಲೋಮೀಟರ್ ಅಗಲ. ದಕ್ಷಿಣ ಭಾರತದಂಥ ಕಡೆ ಎರಡು ಪಟ್ಟಿ ನಡುವೆ ಸಂದು ಬೀಳತ್ತೆ, ನಮ್ಮೂರು ಆ ಕಪ್ಪು ಸಂದಲ್ಲಿ ಸಿಕ್ಕಾಕೊಂಡಿದ್ರೆ ಆವತ್ತಿನ ಕಥೆ ಮುಗೀತು, ವೀರ್ಸ್ ಲೇಯರ್ ಹಾಕ್ಕೊಳ್ಳಿ, ಅದು ಸುಓಮಿ ಎನ್‌ಪಿಪಿ ಮತ್ತೆ ನೋವಾ ಸ್ಯಾಟಲೈಟ್‌ಗಳ ಕ್ಯಾಮೆರಾದ್ದು. ಅದು 3,000 ಕಿಲೋಮೀಟರಿಗಿಂತ ಅಗಲ, ಸಂದು ಬೀಳಲ್ಲ.

ತಾರೀಕು 2020 ಸೆಪ್ಟೆಂಬರ್ 9 ಹಾಕಿ ಕ್ಯಾಲಿಫೋರ್ನಿಯಾಗೆ ಹೋಗಿ. ಈಗ್ಲೂ ಆ ಫೋಟೋ ಇದೆ, 2000ನೇ ಇಸವಿಯಿಂದ ಇಲ್ಲೀವರೆಗೂ ಹೆಚ್ಚುಕಮ್ಮಿ ಎಲ್ಲಾ ದಿನದ್ದೂ ಇಟ್ಟಿದ್ದಾರೆ, ಇದು ನನಗೆ ಬಹಳ ಇಷ್ಟವಾದ ವಿಷ್ಯ. ಕರಾವಳಿ ಉದ್ದಕ್ಕೂ ಕಂದು ಕಂಬಳಿ ಹೊದ್ಸಿದಂಗೆ ಕಾಣತ್ತೆ. ಈಗ ಲೇಯರ್ ಸೇರಿಸೋ ಬಟನ್ ಒತ್ತಿ ಫೈರ್ಸ್ ಅಂತ ಟೈಪ್ ಮಾಡಿ, ಥರ್ಮಲ್ ಅನಾಮಲಿ, ಅಂದ್ರೆ ಸುತ್ತಮುತ್ತಗಿಂತ ಜಾಸ್ತಿ ಬಿಸಿ ಇರೋ ಜಾಗ ತೋರ್ಸೋ ಲೇಯರ್ ಸೇರಿಸಿ. ಕೆಂಪು ಚುಕ್ಕೆ ಚೆಲ್ಲಿದಂಗೆ ಬರತ್ತೆ. ಅಕ್ಕನ ಮನೆ ಪೂರ್ವದ ಗುಡ್ಡಗಳಲ್ಲಿ ಆಗಸ್ಟ್‌ನಲ್ಲಿ ಸಿಡಿಲಿಂದ ಹತ್ತಿದ್ದ ಬೆಂಕಿ ಅಷ್ಟೊತ್ತಿಗೆ ಹೆಚ್ಚುಕಮ್ಮಿ ಹತೋಟಿಗೆ ಬಂದಿತ್ತು, ಆವತ್ತಿನ ದೊಡ್ಡ ಹೊಗೆ ಬರ್ತಾ ಇದ್ದಿದ್ದು ದೂರದಿಂದ. ಅವಳ ಮನೆಯಿಂದ ಇನ್ನೂರು ಕಿಲೋಮೀಟರ್ ಮೇಲೆ ಉತ್ತರಕ್ಕೆ ನಾರ್ತ್ ಕಾಂಪ್ಲೆಕ್ಸ್ ಬೆಂಕಿ ಹಿಂದಿನ ದಿನ ಗಾಳಿ ಜೋರಾಗಿ ಹುಚ್ಚೆದ್ದು ಓಡಿತ್ತು, ಇನ್ನೂ ಆಚೆ ಆಗಸ್ಟ್ ಕಾಂಪ್ಲೆಕ್ಸ್, ಅದು ಕೊನೆಗೆ ಹತ್ತು ಲಕ್ಷ ಎಕರೆ ದಾಟ್ತು.

ಹಂಗಾಗಿ ಮೊದಲನೇ ಪ್ರಶ್ನೆಗೆ ಉತ್ರ ಸಿಕ್ತು. "ಅಕ್ಕಾ, ಬೆಂಕಿ ಪಕ್ಕದಲ್ಲಿಲ್ಲ, ಹೊಗೆ ಮಾತ್ರ ನಿನ್ನ ತಲೆ ಮೇಲಿದೆ. ಆದ್ರೂ ಅಲ್ಲಿನೋರು ಫೋನಿಗೆ ಕಳ್ಸೋ ಅಲರ್ಟ್ ಬಂದ್ರೆ ನನ್ನ ಮಾತು ಕೇಳ್ಬೇಡ, ಅದನ್ನ ಕೇಳು" ಅಂದೆ. ಇದನ್ನ ಯಾವತ್ತೂ ಸೇರಿಸಿ ಹೇಳಿ. ಬೆಂಕಿ ಗಂಟೆಗೊಂದು ರೂಪ ಬದಲಾಯಿಸತ್ತೆ, ನಮ್ಮ ಚುಕ್ಕೆ ಮೂರ್ನಾಲ್ಕು ಗಂಟೆ ಹಳೇದಿರಬಹುದು.

ನಾಲ್ಕು ಬಿಳಿ ಬಳಿದಂಗಿದ್ರೆ ಯಾವುದು ಯಾವುದು

ಇಲ್ಲೇ ಎಲ್ರೂ ಎಡವೋದು, ನಾನೂ ಎಡವಿದ್ದೀನಿ. ಒಂದ್ಸಲ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಣಿವೆಗಳಲ್ಲಿ ಬೆಳ್ಳಗೆ ಏನೋ ಕಂಡು ಫ್ಯಾಮಿಲಿ ಗ್ರೂಪಲ್ಲಿ "ಕಾಡಿಗೆ ಬೆಂಕಿ ಬಿದ್ದಿದೆ, ಹೊಗೆ ನೋಡಿ" ಅಂತ ಬಾಣ ಹಾಕಿ ಕಳ್ಸಿದ್ದೆ. ಅಲ್ಲೇ ತೋಟ ಇರೋ ಮಾವನ ಮಗ ಫೋನ್ ಮಾಡಿ, "ಲೇ, ಅದು ಮಂಜು ಕಣೋ, ಹತ್ತು ಗಂಟೆಗೆ ಕರಗೋಯ್ತು, ನಾನೀಗ ಕಾಫಿ ಕುಯ್ಯಿಸ್ತಾ ನಿಂತಿದೀನಿ" ಅಂದ. ಆವತ್ತಿಂದ ಗ್ರೂಪಲ್ಲಿ ನನ್ನ ಹೆಸ್ರು ಹೊಗೆ ಮಾಸ್ತರು.

ಮಂಜು ಕಣಿವೆಯ ಆಕಾರದಲ್ಲೇ ಇರತ್ತೆ. ಹೊಳೆ, ಹಳ್ಳ, ಕವಲು ಎಲ್ಲಾ ಬೆಳ್ಳಗೆ ಬರ್ದಂಗೆ, ಅಂಚು ಚೂಪು, ಬಿಸಿಲೇರಿದ್ರೆ ಅಂಚಿಂದ ಒಳಕ್ಕೆ ಕರಗ್ತಾ ಹೋಗತ್ತೆ. ಜಾಗ ಬಿಟ್ಟು ಕದಲಲ್ಲ. ಮೋಡಕ್ಕೆ ದಪ್ಪ ಇರತ್ತೆ, ಹೂಕೋಸಿನ ಥರ ಉಬ್ಬು ತಗ್ಗು, ಪಕ್ಕದಲ್ಲಿ ನೆಲದ ಮೇಲೆ ನೆರಳು ಬಿದ್ದಿರತ್ತೆ. ಹೊಗೆಗೆ ಬೇರು ಇರತ್ತೆ. ಇದೊಂದು ಮಾತು ನೆನಪಿಟ್ಕೊಳ್ಳಿ, ಹೊಗೆ ಸಾಮಾನ್ಯವಾಗಿ ಒಂದು ಬಿಂದುವಿಂದ ಹೊರಟು ಗಾಳಿ ಹೋಗೋ ಕಡೆ ಅಗಲವಾಗ್ತಾ ಹೋಗತ್ತೆ, ಊದುಬತ್ತಿ ಹೊಗೆ ಹೆಂಗೆ ಬುಡದಲ್ಲಿ ಸಣ್ಣಗೆ ಮೇಲೆ ಹೋಗ್ತಾ ಅಗಲ ಆಗತ್ತೋ ಹಂಗೆ. ಬಣ್ಣ ನೀಲಿಬೂದು, ದಟ್ಟ ಆದ್ರೆ ಕಂದು ಅಥ್ವಾ ಹಳದಿಬೂದು, ಅದ್ರ ಮೂಲಕ ಕೆಳಗಿನ ನೆಲ ಮಸುಕಾಗಿ ಕಾಣತ್ತೆ, ಉಬ್ಬು ತಗ್ಗು ಏನೂ ಇರಲ್ಲ, ನೀರಲ್ಲಿ ಹಾಲು ಕದಡಿದಂಗೆ.

ಧೂಳಿಗೆ ಬೇರಿಗಿಂತ ಅಂಚು ಮುಖ್ಯ. ಒಣಗಿದ ಕೆರೆ ತಳ, ನದಿ ಮುಖಜ ಭೂಮಿ, ಮರಳುಗಾಡಿನ ಅಂಚು ಇಂಥ ಕಡೆಯಿಂದ ಅಗಲವಾಗಿ ಏಳತ್ತೆ, ಗಾಳಿಯ ಮುಂಭಾಗ ಎಲ್ಲಿದೆಯೋ ಅಲ್ಲಿ ಬಿಲ್ಲಿನ ಥರ ಬಾಗಿದ ಗೆರೆ ಕಾಣತ್ತೆ. ಬಣ್ಣ ಆಯಾ ಮಣ್ಣಿಂದು, ಗೋಧಿಹಿಟ್ಟಿನ ಬಣ್ಣದಿಂದ ಹಿಡಿದು ಇಟ್ಟಿಗೆಪುಡಿ ತನಕ. ಕೆಲವು ಸಲ ಹತ್ತಾರು ಕಡೆಯಿಂದ ಸಮಾನಾಂತರ ಗೆರೆ ಗೆರೆಯಾಗಿ ಎದ್ದು ಮುಂದೆ ಸೇರ್ಕೊಳ್ಳತ್ತೆ. ಇರಾನ್-ಆಫ್ಘಾನಿಸ್ತಾನ ಗಡಿಯ ಸಿಸ್ತಾನ್ ತಗ್ಗಿನಲ್ಲಿ ಬೇಸಿಗೇಲಿ ನೋಡಿ, ಅಲ್ಲಿ ಹಾಮೂನ್ ಕೆರೆಗಳು ಒಣಗಿದ ತಳದಿಂದ ಧೂಳು ಏಳತ್ತೆ, ಆ ಗಾಳಿಗೆ ಸ್ಥಳೀಯರು 120 ದಿನದ ಗಾಳಿ ಅಂತಲೇ ಹೆಸ್ರಿಟ್ಟಿದ್ದಾರೆ.

ಇನ್ನು ಮೋಸ ಮಾಡೋ ಇನ್ನೆರಡು ಇವೆ. ಸಮುದ್ರದ ಮೇಲೆ ಬೆಳ್ಳಿತಟ್ಟೆ ಥರ ಬೂದು ಹೊಳಪಿನ ಪಟ್ಟಿ ಕಂಡ್ರೆ ಅದು ಬಿಸಿಲಿನ ಪ್ರತಿಫಲನ, ಹೊಗೆ ಅಲ್ಲ. ಮರುದಿನದ ಫೋಟೋದಲ್ಲೋ ಬೇರೆ ಸ್ಯಾಟಲೈಟಲ್ಲೋ ನೋಡಿದ್ರೆ ಆ ಪಟ್ಟಿ ಬೇರೆ ಜಾಗಕ್ಕೆ ಹೋಗಿರತ್ತೆ, ಗಾಳಿಗೂ ಅದಕ್ಕೂ ಸಂಬಂಧ ಇರಲ್ಲ. ಆಮೇಲೆ ಖಂಭಾತ್ ಕೊಲ್ಲಿ, ಅಲ್ಲಿ ನೀರೇ ಕೆಸರು ಕಲಸಿಕೊಂಡು ಸದಾ ಕಂದು ಬಣ್ಣ, ಹೊಸಬರು ಅದನ್ನ ಧೂಳು ಅಂತಾರೆ. ನಾಲ್ಕು ದಿನ ಹಿಂದೆ ಮುಂದೆ ಮಾಡಿ, ಕೆಸರು ಅಲ್ಲೇ ಇರತ್ತೆ, ಧೂಳು ಹೋಗಿರತ್ತೆ.

ಅನುಮಾನ ಬಂದಾಗ ಇನ್ನೊಂದು ಕೀಲಿಕೈ ಇದೆ. ವರ್ಲ್ಡ್‌ವ್ಯೂನಲ್ಲೇ ಏರೋಸಾಲ್ ಇಂಡೆಕ್ಸ್ ಅಂತ ಲೇಯರ್, ಅತಿನೇರಳೆ ಬೆಳಕನ್ನ ಹೀರ್ಕೊಳ್ಳೋ ಕಣ ಎಲ್ಲಿದೆ ಅಂತ ತೋರಿಸತ್ತೆ. ಹೊಗೆ ಧೂಳು ಎರಡೂ ಹೀರ್ತವೆ, ಬಿಳಿ ಮೋಡ ಹೀರಲ್ಲ. ಮೋಡದ ಮೇಲೆ ಹೊಗೆ ಕೂತಿದ್ರೂ ಹಿಡಿಯತ್ತೆ. ಎರಡರಲ್ಲಿ ಯಾವುದು ಅಂತ ತಿಳೀಬೇಕಾದ್ರೆ ಕಾರ್ಬನ್ ಮೊನಾಕ್ಸೈಡ್ ನೋಡಿ, ಯೂರೋಪಿನ ಸೆಂಟಿನೆಲ್-5ಪಿ ಸ್ಯಾಟಲೈಟ್ ದಿನಾ ಅಳೆಯತ್ತೆ, ಕೋಪರ್ನಿಕಸ್ ಬ್ರೌಸರ್ ಅನ್ನೋ ಸೈಟಲ್ಲಿ ಸಿಗತ್ತೆ. ಏನಾದ್ರೂ ಉರಿದಿದ್ರೆ ಆ ಅನಿಲ ಇರ್ಲೇಬೇಕು, ಬರೀ ಧೂಳಲ್ಲಿ ಅದು ಇರಲ್ಲ. ಇಂಡೆಕ್ಸ್ ಜಾಸ್ತಿ, ಕಾರ್ಬನ್ ಮೊನಾಕ್ಸೈಡೂ ಜಾಸ್ತಿ ಅಂದ್ರೆ ಹೊಗೆ. ಮೊದಲನೇದು ಮಾತ್ರ ಜಾಸ್ತಿ ಅಂದ್ರೆ ಧೂಳು ಅಂತ ಧೈರ್ಯವಾಗಿ ಹೇಳಬಹುದು. ದೆಹಲಿಯಂಥ ಕಡೆ ಗಾಡಿ ಹೊಗೆಯಿಂದ ಮೊದ್ಲೇ ಕಾರ್ಬನ್ ಮೊನಾಕ್ಸೈಡ್ ಇರತ್ತೆ, ಅಲ್ಲಿ ಹಿಂದಿನ ದಿನಕ್ಕೆ ಹೋಲಿಸಿ ನೋಡ್ಬೇಕು.

ಕೆಂಪು ಚುಕ್ಕೆನ ಎಷ್ಟು ನಂಬಬೇಕು

ಬೆಂಕಿ ಚುಕ್ಕೆಗಳಿಗೆ ಅಂತಲೇ ನಾಸಾದ ಇನ್ನೊಂದು ಸೈಟ್ ಇದೆ, ಫರ್ಮ್ಸ್. ಸ್ಯಾಟಲೈಟ್ ನೋಡಿ ಮೂರು ಗಂಟೆಯೊಳಗೆ ಚುಕ್ಕೆ ಬಂದು ಕೂರತ್ತೆ. ಮೋಡಿಸ್ ಚುಕ್ಕೆ ಅಂದ್ರೆ ಒಂದು ಕಿಲೋಮೀಟರ್ ಚೌಕದಲ್ಲಿ ಎಲ್ಲೋ ಒಂದು ಕಡೆ ಬಿಸಿ ಇದೆ ಅಂತ, ವೀರ್ಸ್ ಚುಕ್ಕೆ ಅಂದ್ರೆ 375 ಮೀಟರ್ ಚೌಕದಲ್ಲಿ. ಚೌಕ ಪೂರ್ತಿ ಉರೀತಿದೆ ಅಂತ ಅರ್ಥ ಅಲ್ಲ, ಚುಕ್ಕೆ ಬಿದ್ದಿರೋದು ಚೌಕದ ನಡುಮಧ್ಯಕ್ಕೆ ಅಷ್ಟೇ, ಹಂಗಾಗಿ "ನಮ್ಮ ತೋಟದ ಮೇಲೇ ಚುಕ್ಕೆ ಇದೆ" ಅಂತ ಗಾಬರಿ ಬೀಳ್ಬೇಡಿ, ಪಕ್ಕದ ಹೊಲದ್ದಿರಬಹುದು.

ಬಳ್ಳಾರಿ ಕಡೆ ತೋರಣಗಲ್ಲಿನ ಹತ್ರ ಝೂಮ್ ಮಾಡಿ ಹಿಂದಿನ ವಾರದ್ದೆಲ್ಲಾ ಹಾಕಿ ನೋಡಿ. ಅಲ್ಲಿ ಉಕ್ಕಿನ ಕಾರ್ಖಾನೆ ಇದೆ, ಸ್ಯಾಟಲೈಟ್‌ಗೆ ಕಾಡಿನ ಬಿಸಿ ಯಾವುದು ಕುಲುಮೆ ಬಿಸಿ ಯಾವುದು ಅಂತ ಭೇದ ಇಲ್ಲ, ಮಳೆಗಾಲದಲ್ಲೂ ಅಲ್ಲಿ ಚುಕ್ಕೆ ಬೀಳ್ತಿರತ್ತೆ. ತೈಲಬಾವಿಗಳ ಉರಿ, ಅಗ್ನಿಪರ್ವತ ಎಲ್ಲಾ ಹಂಗೇ. ಒಂದೇ ಜಾಗದಲ್ಲಿ ತಿಂಗಳುಗಟ್ಲೆ ಚುಕ್ಕೆ ಇದ್ರೆ ಅದು ಕಾಡ್ಗಿಚ್ಚಲ್ಲ. ಬೆಳಗಾವಿ ಬಾಗಲಕೋಟೆ ಕಡೆ ಕಬ್ಬು ಕಟಾವಾದ ಮೇಲೆ ರವದಿ ಸುಡೋ ಟೈಮಲ್ಲಿ ಒಂದು ದಿನ ಬಂದು ಮಾರನೇ ದಿನ ಮಾಯ ಆಗೋ ಚುಕ್ಕೆಗಳು ಸಿಗ್ತವೆ, ಅವು ನಿಜವಾದ ಬೆಂಕಿ, ಆದ್ರೆ ಹೊಲದ್ದು.

ಚುಕ್ಕೆ ಇಲ್ಲ ಅಂದ್ರೆ ಬೆಂಕಿ ಇಲ್ಲ ಅಂತ ಮಾತ್ರ ಯಾವತ್ತೂ ಹೇಳ್ಬೇಡಿ. ಮೇಲೆ ದಪ್ಪ ಮೋಡ ಇದ್ರೆ ಕಾಣಲ್ಲ, ಮರದ ಕೆಳಗೆ ತರಗೆಲೆ ಸಣ್ಣಗೆ ಉರೀತಿದ್ರೆ ಕಾಣಲ್ಲ, ಎಲ್ಲಕ್ಕಿಂತ ಮುಖ್ಯ ಆ ಪೋಸ್ಟ್‌ಮ್ಯಾನ್ ಬಂದುಹೋದ ಮೇಲೆ ಹಚ್ಚಿದ್ರೆ ಕಾಣಲ್ಲ. ಪಂಜಾಬ್ ಹರಿಯಾಣದಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಭತ್ತದ ಕೂಳೆ ಸುಡ್ತಾರಲ್ಲ, 2024ರಲ್ಲಿ ಚುಕ್ಕೆಗಳ ಲೆಕ್ಕ ಬಹಳ ಕಮ್ಮಿ ಆಯ್ತು, ಆದ್ರೆ ಹೊಗೆ ಆ ಮಟ್ಟಕ್ಕೆ ಕಮ್ಮಿ ಆಗಿರ್ಲಿಲ್ಲ. ವಿಜ್ಞಾನಿಗಳು ಕೊರಿಯಾದ ಭೂಸ್ಥಿರ ಉಪಗ್ರಹ ಜಿಯೋ-ಕಾಂಪ್‌ಸ್ಯಾಟ್-2ಎ ಫೋಟೋ ತೆಗ್ದು ನೋಡಿದಾಗ ಮಧ್ಯಾಹ್ನದ ಸ್ಯಾಟಲೈಟ್‌ಗಳು ದಾಟಿ ಹೋದ ಮೇಲೆ, ಸಂಜೆ ಹೊತ್ತಿಗೆ ಹೊಲಗಳ ಮೇಲೆ ಹೊಗೆ ದಟ್ಟವಾಗಿ ಏಳೋದು ಕಾಣಿಸ್ತು. ಜಗಲಿ ಮೇಲಿನ ಅಜ್ಜಿ ಬೇಕು ಅನ್ನೋದು ಇದಕ್ಕೇ.

ಅಜ್ಜಿ ಕಣ್ಣಲ್ಲಿ ನೋಡೋದು

ಅಮೆರಿಕದಲ್ಲಿರೋರಿಗೆ ಕೊಲೊರಾಡೋ ಸ್ಟೇಟ್ ಯೂನಿವರ್ಸಿಟಿಯ ಸೀರಾ ಸಂಸ್ಥೆಯೋರ ಸ್ಲೈಡರ್ ಅನ್ನೋ ಸೈಟ್ ಇದೆ, ಗೋಸ್ ಈಸ್ಟ್ ಅಥ್ವಾ ವೆಸ್ಟ್ ಆರಿಸಿ, ಜಿಯೋಕಲರ್ ಹಾಕಿ, ಮೂವತ್ತು ಫ್ರೇಮ್ ಓಡ್ಸಿ. ನ್ಯೂಜೆರ್ಸಿಯಲ್ಲಿರೋ ನಮ್ಮೋರು 2023ರ ಜೂನ್ 7 ಮರೆತಿರಲ್ಲ, ಕೆನಡಾದ ಕ್ಯೂಬೆಕ್ ಕಾಡಿನ ಹೊಗೆ ಬಂದು ನ್ಯೂಯಾರ್ಕ್ ಆಕಾಶ ಕಿತ್ತಳೆ ಆದ ದಿನ, ಅದನ್ನ ಲೂಪ್‌ನಲ್ಲಿ ನೋಡಿದ್ರೆ ಹೊಗೆ ನದಿ ಥರ ದಕ್ಷಿಣಕ್ಕೆ ಹರಿದು ಬರೋದು ಬೆರಳಲ್ಲಿ ತೋರಿಸಬಹುದಿತ್ತು.

ಲೂಪ್ ಹಾಕಿದಾಗ ಒಂದು ವಿಷ್ಯ. ತೆಳು ಹೊಗೆ ಬೆಳಗ್ಗೆ ಸಂಜೆ ಫ್ರೇಮ್‌ಗಳಲ್ಲಿ ಎದ್ದು ಕಾಣತ್ತೆ, ನಡು ಮಧ್ಯಾಹ್ನ ಮಾಯ ಆಗತ್ತೆ. ಹೊಗೆ ಎಲ್ಲೂ ಹೋಗಿರಲ್ಲ. ಹಂಚಿನ ಮನೇಲಿ ಬೆಳಕಿಂಡಿಯಿಂದ ಬಿಸಿಲುಕೋಲು ಓರೆಯಾಗಿ ಬಿದ್ದಾಗ ಅದ್ರಲ್ಲಿ ಧೂಳು ಕುಣಿಯೋದು ಕಾಣತ್ತಲ್ಲ, ಹಂಗೇ ಓರೆ ಬೆಳಕಿದ್ದಾಗ ಸಣ್ಣ ಕಣ ಬೆಳಕನ್ನ ಮುಂದಕ್ಕೆ ಚದುರಿಸತ್ತೆ. ಹಂಗಾಗಿ "ಮಧ್ಯಾಹ್ನಕ್ಕೆ ಕ್ಲಿಯರ್ ಆಯ್ತು" ಅಂತ ಹೇಳೋ ಮುಂಚೆ ಸಂಜೆ ಐದರ ಫ್ರೇಮ್‌ವರೆಗೂ ಕಾಯಿರಿ.

ನಮ್ಮ ಕಡೆಗೆ ಹವಾಮಾನ ಇಲಾಖೆ ಸೈಟಲ್ಲಿ ಇನ್ಸಾಟ್ ಫೋಟೋ ಬರತ್ತೆ, ಇಸ್ರೋದ ಮೋಸ್ಡಾಕ್‌ನಲ್ಲೂ ಇದೆ. ಹಗಲಿನ ವಿಸಿಬಲ್ ಫೋಟೋ ಒಂದು ಕಿಲೋಮೀಟರ್ ರೆಸಲ್ಯೂಷನ್, ಥರ್ಮಲ್‌ದು ನಾಲ್ಕು. ಪಂಜಾಬದ ಹೊಗೆ ಗಂಗಾ ಬಯಲಿನುದ್ದಕ್ಕೂ ಜಾರೋದು ನೋಡೋಕೆ ಸಾಕು, ಬಂಡೀಪುರದ ಒಂದು ಗುಡ್ಡದ ಹೊಗೆಗೆ ಸಾಲದು.

ಧೂಳು ರಾತ್ರಿನೂ ಕಾಣತ್ತೆ

ನನಗೆ ಇದ್ರಲ್ಲೆಲ್ಲಾ ಮಜಾ ಅನ್ಸೋ ಭಾಗ ಇದೇ. ಹೊಗೆ ಕಣ ಬಹಳ ಸಣ್ಣದು, ಒಂದು ಮೈಕ್ರಾನ್‌ಗಿಂತ ಚಿಕ್ಕದು, ಸ್ಯಾಟಲೈಟ್ ನೋಡೋ ಶಾಖದ ಅಲೆ ಹತ್ತು ಹನ್ನೆರಡು ಮೈಕ್ರಾನ್ ಉದ್ದ, ಸೊಳ್ಳೆ ಪರದೆಯಲ್ಲಿ ಗಾಳಿ ನುಗ್ಗಿದಂಗೆ ಆ ಅಲೆ ಹೊಗೆ ಒಳಗಿಂದ ಸಲೀಸಾಗಿ ಬಂದ್ಬಿಡತ್ತೆ. ಅದಕ್ಕೇ ಥರ್ಮಲ್ ಫೋಟೋದಲ್ಲಿ ಹೊಗೆ ಇಲ್ಲವೇ ಇಲ್ಲ, ರಾತ್ರಿ ಹೊಗೆ ಹಿಂಬಾಲಿಸೋದು ಕಷ್ಟ. ಧೂಳು ಹಂಗಲ್ಲ, ಕಣ ದಪ್ಪ, ಮೇಲಾಗಿ ಮರಳು ಅಂದ್ರೆ ಸಿಲಿಕೇಟು, ಅದು ಶಾಖದ ಅಲೆಗಳಲ್ಲಿ ಕೆಲವನ್ನ ಜಾಸ್ತಿ ಕೆಲವನ್ನ ಕಮ್ಮಿ ಹೀರತ್ತೆ. ಮಂಜುಗಡ್ಡೆ ಮೋಡ 12 ಮೈಕ್ರಾನ್ ಅಲೆನ 11ಕ್ಕಿಂತ ಜಾಸ್ತಿ ಹೀರತ್ತೆ, ಧೂಳು ಸರಿಯಾಗಿ ಉಲ್ಟಾ. ಒಂದ್ರಿಂದ ಇನ್ನೊಂದು ಕಳೆದ್ರೆ ಧೂಳು ಸಿಕ್ಕಿಬೀಳತ್ತೆ. ಹಿಂಗೆ 8.7, 11, 12 ಮೈಕ್ರಾನ್ ಆಸುಪಾಸಿನ ಮೂರು ಅಲೆ ಸೇರಿಸಿ ಮಾಡಿರೋ ಬಣ್ಣದ ಫೋಟೋಗೆ ಡಸ್ಟ್ ಆರ್‌ಜಿಬಿ ಅಂತಾರೆ.

ಮೀಟಿಯೋಸ್ಯಾಟ್ ನಡೆಸೋ ಯುಮೆಟ್‌ಸ್ಯಾಟ್ ಸಂಸ್ಥೆಯೋರ ಯುಮೆಟ್‌ವ್ಯೂ ಸೈಟ್ ಓಪನ್ ಮಾಡಿ ಹಿಂದೂ ಮಹಾಸಾಗರದ ಡಸ್ಟ್ ಆರ್‌ಜಿಬಿ ಹಾಕಿ. ಧೂಳು ಕಣಗಿಲೆ ಹೂವಿನ ಗುಲಾಬಿ ಬಣ್ಣ, ದಪ್ಪ ಎತ್ತರದ ಮೋಡ ಕಂದುಗೆಂಪು, ತೆಳು ಎತ್ತರದ ಮೋಡ ಕಪ್ಪು. ಇದ್ರ ನಿಜವಾದ ಉಪಯೋಗ ಮರುಭೂಮಿ ಮೇಲೆ. ಟ್ರೂ ಕಲರ್‌ನಲ್ಲಿ ಮರಳಿನ ಮೇಲೆ ಮರಳು ಹಾರಿದ್ರೆ ಏನು ಕಾಣತ್ತೆ? ಏನೂ ಇಲ್ಲ. ಕುವೈತ್, ದಮ್ಮಾಮ್, ದೋಹಾದಲ್ಲಿರೋ ಮಂಗಳೂರು ಉಡುಪಿ ಕಡೆಯೋರು ಇದನ್ನ ಬುಕ್‌ಮಾರ್ಕ್ ಮಾಡಿಟ್ಕೊಳ್ಳಿ. 2022ರ ಮೇನಲ್ಲಿ ಇರಾಕಿಂದ ಒಂದಾದ ಮೇಲೊಂದು ಧೂಳು ಬಿರುಗಾಳಿ ಬಂದು ಕುವೈತ್ ಏರ್‌ಪೋರ್ಟಲ್ಲಿ ವಿಮಾನ ನಿಂತಿದ್ವಲ್ಲ, ಅಂಥದ್ದು ರಾತ್ರಿ ಹೊರಟ್ರೂ ಗುಲಾಬಿ ಬಾಲ ಕಾಣತ್ತೆ. ನಮ್ಮ ಇನ್ಸಾಟ್‌ನಲ್ಲಿ ಆ ಮೂರರಲ್ಲಿ 8.7 ಮೈಕ್ರಾನ್ ಚಾನೆಲ್ ಇಲ್ಲ, ಹಂಗಾಗಿ ಈ ಒಂದು ಕೆಲ್ಸಕ್ಕೆ ನಾನು ಮೀಟಿಯೋಸ್ಯಾಟ್‌ನೇ ನೋಡೋದು.

ಕೈ ಪಳಗಬೇಕು ಅಂದ್ರೆ 2022ರ ಜನವರಿ 22, 23, 24 ಮೂರು ದಿನ ವರ್ಲ್ಡ್‌ವ್ಯೂನಲ್ಲಿ ಹಾಕ್ಕೊಳ್ಳಿ, ಕರಾಚಿಯಿಂದ ಮುಂಬೈವರೆಗೆ ಕಾಣೋ ಹಂಗೆ ಇಟ್ಕೊಳ್ಳಿ. 22ಕ್ಕೆ ಕರಾಚಿ ಕಡೆ ಗಾಳಿ ಎದ್ದಿದ್ದು, 23ನೇ ತಾರೀಕು ಭಾನುವಾರ ಅದು ಅರಬ್ಬಿ ಸಮುದ್ರ, ಗುಜರಾತ್ ಕರಾವಳಿ ದಾಟಿ ಮುಂಬೈ ಮೇಲೆ ಬಂತು, ಜನ ಕಾರಿನ ಮೇಲೆ ಬಿಳಿ ಪುಡಿ ಕೂತಿರೋ ಫೋಟೋ ಹಾಕಿದ್ರು, ಏನೋ ಕೆಮಿಕಲ್ ಇರ್ಬೇಕು ಅಂತ ಮಾತಾಡ್ಕೊಂಡ್ರು. ಕಡು ನೀಲಿ ನೀರಿನ ಮೇಲೆ ಹುಡಿ ಬಣ್ಣ ಕಾಣೋದ್ರಿಂದ ಕಲಿಯೋರಿಗೆ ಇದು ಸುಲಭದ ಪಾಠ. ಖಂಭಾತ್ ಕೊಲ್ಲಿ ಕೆಸರೂ ಅದೇ ಫೋಟೋದಲ್ಲಿ ಪಕ್ಕದಲ್ಲೇ ಇದೆ, ಎರಡರ ವ್ಯತ್ಯಾಸ ಅಲ್ಲೇ ಕಲೀಬಹುದು.

ತಲೆ ಮೇಲಿಂದು ಮೂಗಿಗೆ ಬಂತಾ

ಅಕ್ಕನ ಎರಡನೇ ಪ್ರಶ್ನೆಗೆ ಬರೋಣ. ಆಕಾಶ ಅಷ್ಟು ಕೆಂಪಾಗಿದ್ರೂ ವಾಸನೆ ಯಾಕಿಲ್ಲ? ಸ್ಯಾಟಲೈಟ್ ಮೇಲಿಂದ ಕೆಳಗೆ ಪೂರ್ತಿ ಗಾಳಿನ ಒಟ್ಟಿಗೆ ನೋಡತ್ತೆ, ಸಾರಿನ ಪಾತ್ರೆನ ಮೇಲಿಂದ ನೋಡಿದಂಗೆ, ಎಣ್ಣೆ ತೇಲ್ತಿರೋದು ಕಾಣತ್ತೆ, ತಳದಲ್ಲಿ ಬೇಳೆ ಎಷ್ಟಿದೆ ಅಂತ ಸೌಟು ಹಾಕ್ದೆ ಗೊತ್ತಾಗಲ್ಲ. ಆವತ್ತು ಅಕ್ಕ ಇರೋ ಬೇ ಏರಿಯಾದಲ್ಲಿ ಸಮುದ್ರದ ಕಡೆಯಿಂದ ಬಂದ ತಂಪು ಗಾಳಿ, ಮಂಜು ಕೆಳಗೆ ಹಾಸ್ಕೊಂಡಿತ್ತು, ಹೊಗೆ ಅದ್ರ ಮೇಲೆ ಚಪ್ಪರ ಹಾಕಿತ್ತು. ಹೊಗೆ ಕಣ ನೀಲಿ ಬೆಳಕನ್ನ ಚದುರಿಸಿ ಕೆಂಪು ಕಿತ್ತಳೆನ ಮಾತ್ರ ಕೆಳಗೆ ಬಿಡ್ತಿತ್ತು. ಬೆಳಗ್ಗೆ ನೆಲದ ಗಾಳಿ ಆಕಾಶ ಕಂಡಷ್ಟು ಕೆಟ್ಟಿರ್ಲಿಲ್ಲ. "ಇವತ್ತಲ್ಲ ಅಕ್ಕಾ, ನಾಳೆ ನಾಡಿದ್ದು ಅದು ಕೆಳಗಿಳಿಯತ್ತೆ, ಈಗ್ಲೇ ಏರ್ ಪ್ಯೂರಿಫೈಯರ್ ಫಿಲ್ಟರ್ ತಗೊಂಡ್ಬಾ" ಅಂದೆ. ಆಕಾಶ ಮಾಮೂಲಿ ಬೂದು ಬಣ್ಣಕ್ಕೆ ಬಂತು, ಎಲ್ರೂ ಅಬ್ಬಾ ಅಂದ್ರು, ಗಾಳಿ ಕೆಟ್ಟಿದ್ದು ಆಗ್ಲೇ.

ಹಂಗಾಗಿ ಸೌಟು ಹಾಕ್ಲೇಬೇಕು, ಅಂದ್ರೆ ನೆಲದ ಮೇಲಿನ ಮೀಟರ್ ನೋಡ್ಬೇಕು. ಅಮೆರಿಕದಲ್ಲಿ ಏರ್‌ನೌನೋರ ಫೈರ್ ಅಂಡ್ ಸ್ಮೋಕ್ ಮ್ಯಾಪ್, ನಮ್ಮಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್. ಗಾಳಿ ಗುಣಮಟ್ಟದ ಒಂದೇ ಎಕ್ಯೂಐ ನಂಬರ್ ನೋಡಿ ಬಿಡ್ಬೇಡಿ, ಒಳಗೆ ಹೋಗಿ ಪಿಎಂ 2.5 (2.5 ಮೈಕ್ರಾನ್‌ವರೆಗಿನ ಕಣ) ಮತ್ತು ಪಿಎಂ 10 (10 ಮೈಕ್ರಾನ್‌ವರೆಗಿನ ಕಣ) ಬೇರೆ ಬೇರೆ ನೋಡಿ. ಹೊಗೆ ಬಂದ್ರೆ ಪಿಎಂ 2.5 ಏರತ್ತೆ, ಪಿಎಂ 10ರಲ್ಲಿ ಬಹುಪಾಲು ಅದೇ ಇರತ್ತೆ. ಧೂಳು ಬಂದ್ರೆ ಪಿಎಂ 10 ಚಿಮ್ಮತ್ತೆ, ಪಿಎಂ 2.5 ಅಷ್ಟು ಏರಲ್ಲ. ಫೋಟೋದಲ್ಲಿ ಹೊಗೆ ಅಂತ ಅನ್ಕೊಂಡಿದ್ದು ಮೀಟರ್‌ನಲ್ಲಿ ಧೂಳಾಗಿದ್ರೆ ಮತ್ತೆ ಫೋಟೋಗೆ ವಾಪಸ್ ಹೋಗಿ.

ಎಲ್ಲಿಂದ ಬಂತು ಅಂತ ಹಿಂದಕ್ಕೆ ಹುಡುಕೋಕೆ ಅಮೆರಿಕದ ನೋವಾದೋರ ಹೈಸ್ಪ್ಲಿಟ್ ಇದೆ, ನಿಮ್ಮೂರಿನ ಅಕ್ಷಾಂಶ ರೇಖಾಂಶ ಕೊಟ್ಟು ಬ್ಯಾಕ್‌ವರ್ಡ್ ಅಂತ ಆರಿಸಿದ್ರೆ ಆ ಗಾಳಿ ಹಿಂದಿನ ಎರಡು ದಿನ ಎಲ್ಲಿತ್ತು ಅಂತ ಗೆರೆ ಎಳೆದು ತೋರ್ಸತ್ತೆ. 500, 1,500, 3,000 ಮೀಟರ್ ಮೂರೂ ಎತ್ತರಕ್ಕೆ ಹಾಕಿ, ಎಷ್ಟೋ ಸಲ ಮೂರೂ ಮೂರು ದಿಕ್ಕಿಂದ ಬಂದಿರ್ತವೆ. ಅಷ್ಟು ತಾಳ್ಮೆ ಇಲ್ಲ ಅಂದ್ರೆ ವಿಂಡಿ ಅನ್ನೋ ಹವಾಮಾನ ಸೈಟಲ್ಲಿ 850 ಹೆಕ್ಟೋಪಾಸ್ಕಲ್ ಒತ್ತಡದ ಮಟ್ಟದ ಗಾಳಿ ನೋಡಿ, ಅದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ್ದು.

ಆರಿದ ಮೇಲೆ

ಬೆಂಕಿ ಆರಿದ ಮೇಲೂ ಒಂದು ಕೆಲ್ಸ ಇದೆ, ಎಷ್ಟು ಸುಟ್ಟಿದೆ ಅಂತ ನೋಡೋದು. ಇದಕ್ಕೆ ಸೆಂಟಿನೆಲ್-2, ಹತ್ತು ಮೀಟರ್ ರೆಸಲ್ಯೂಷನ್, ಐದು ದಿನಕ್ಕೊಂದ್ಸಲ ಬರತ್ತೆ. ಕೋಪರ್ನಿಕಸ್ ಬ್ರೌಸರ್‌ನಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ, 2019ರ ಫೆಬ್ರವರಿ ಮಧ್ಯದ ಒಂದು ತಾರೀಕು ಮತ್ತು ಮಾರ್ಚ್ ಮೊದಲ ವಾರದ ಒಂದು ತಾರೀಕು ಪಕ್ಕಪಕ್ಕ ಇಡಿ. ಎಸ್‌ಡಬ್ಲ್ಯೂಐಆರ್ ಅನ್ನೋ ಬಣ್ಣ ಆರಿಸಿ, ಅದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಸೇರಿಸಿ ಮಾಡಿದ್ದು. ಅದ್ರಲ್ಲಿ ಹಸಿರು ಮರ ಹಸಿರಾಗಿ, ಉರೀತಿರೋ ಬೆಂಕಿ ಕೆಂಡದಂಗೆ, ಸುಟ್ಟ ನೆಲ ಕಪ್ಪುಗಂದು ಕಲೆಯಾಗಿ ಕಾಣತ್ತೆ. ಕಲೆಯ ಅಂಚು ಕೆಲವು ಕಡೆ ಸ್ಕೇಲ್ ಇಟ್ಟು ಎಳೆದಂಗೆ ನೆಟ್ಟಗೆ ನಿಂತಿದ್ರೆ ಅಲ್ಲಿ ರಸ್ತೆನೋ ಅರಣ್ಯ ಇಲಾಖೆಯೋರು ಮಾಡಿದ ಬೆಂಕಿ ರೇಖೆನೋ ಬೆಂಕಿನ ತಡೆದಿರತ್ತೆ.

ಅಲ್ಲಿ ಒಂದು ಹುಷಾರು. ಫೆಬ್ರವರಿ ಮಾರ್ಚಲ್ಲಿ ಆ ಕಾಡಲ್ಲಿ ಎಲೆ ಉದುರಿ ಮರ ಬೋಳಾಗಿರತ್ತೆ, ಲಂಟಾನ ಒಣಗಿರತ್ತೆ, ಸುಡದೇ ಇರೋ ಕಾಡೂ ಕಂದು. ಗುಡ್ಡದ ನೆರಳೂ ಕಪ್ಪು. ಒಂದೇ ಫೋಟೋದಿಂದ ಸುಟ್ಟಿದ್ದು ಯಾವುದು ಹೇಳೋಕಾಗಲ್ಲ, ಮುಂಚಿನದು ಪಕ್ಕದಲ್ಲಿ ಇರ್ಲೇಬೇಕು.

ಕೊನೇಗೆ ಹಂಚಿಕೊಳ್ಳೋ ವಿಷ್ಯ. ವರ್ಲ್ಡ್‌ವ್ಯೂನಲ್ಲಿ ಶೇರ್ ಬಟನ್ ಒತ್ತಿದ್ರೆ ತಾರೀಕು ಲೇಯರ್ ಸಮೇತ ಲಿಂಕ್ ಸಿಗತ್ತೆ, ಸ್ಕ್ರೀನ್‌ಶಾಟ್ ಬದ್ಲು ಅದನ್ನ ಕಳ್ಸಿ. ಸ್ಕ್ರೀನ್‌ಶಾಟೇ ಕಳ್ಸಬೇಕು ಅಂದ್ರೆ ಸ್ಯಾಟಲೈಟ್ ಹೆಸ್ರು, ತಾರೀಕು, ಭಾರತದ ಟೈಮ್ ಮೂರೂ ಫೋಟೋ ಮೇಲೇ ಬರೀರಿ, ಕೆಳಗೆ ಬರೆದ್ರೆ ಎರಡನೇ ಫಾರ್ವರ್ಡ್‌ಗೆ ಅದು ಉದುರಿಹೋಗತ್ತೆ. ಈಗ ನಮ್ಮ ಗ್ರೂಪಲ್ಲಿ ಮಲೆನಾಡಿನ ಫೋಟೋ ಹಾಕೋ ಮುಂಚೆ ನಾನು ಮಾವನ ಮಗಂಗೆ ಒಂದು ಫೋನ್ ಮಾಡ್ತೀನಿ. "ಏನಿಲ್ಲ, ಅಲ್ಲಿ ಕಣಿವೇಲಿ ಬೆಳ್ಳಗೆ ಕಾಣ್ತಿದೆಯಲ್ಲ ಅದೇನು?" ಅಂತೀನಿ. ಅವನು ಹೊರಗೆ ಹೋಗಿ ನೋಡ್ಕೊಂಡು ಬಂದು ಹೇಳ್ತಾನೆ.